ಗೌರಿಬಿದನೂರಿನ ಹೊಲದಲ್ಲಿ ಬೆಳೆದ ಗಣಿತ

ಗೌರಿಬಿದನೂರಿನ ಸುತ್ತಿನ ಹೊಲಗಳಲ್ಲಿ ಕಡಲೆಕಾಯಿ, ರಾಗಿ, ಮುಸುಕಿನ ಜೋಳ ಬೆಳೆಯುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅವೇ ಹೊಲಗಳ ನಡುವೆ, ಗಟ್ಟಿ ಬಂಡೆಯ ನೆಲದಲ್ಲಿ, ಇಪ್ಪತ್ತು ಭೂಕಂಪಮಾಪಕಗಳು ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ ಎರಡು ಸಾಲಾಗಿ ಕುಳಿತಿರುವುದು ಅಷ್ಟಾಗಿ ಗೊತ್ತಿಲ್ಲ. ಒಂದೊಂದು ಸಾಲಿನ ಉದ್ದ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಸಹಯೋಗದಲ್ಲಿ 1965ರಲ್ಲಿ ಹೂಡಿದ ಈ ಕೇಂದ್ರವನ್ನು ನಡೆಸುತ್ತಿರುವುದು ಭಾಭಾ ಅಣು ಸಂಶೋಧನಾ ಕೇಂದ್ರ. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗ – ಇವು ಗೌರಿಬಿದನೂರಿನ ಒಡಹುಟ್ಟುಗಳು. ಸಾವಿರಾರು ಕಿಲೋಮೀಟರ್ ಆಚೆ ಯಾವುದೋ ದೇಶ ನೆಲದೊಳಗೆ ಅಣುಬಾಂಬು ಸಿಡಿಸಿದರೆ ಆ ಕಂಪನವನ್ನು ಹಿಡಿಯುವುದು ಈ ಸಾಲುಗಳ ಕೆಲಸ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಿಂದ ವರ್ಷ ವರ್ಷವೂ ಹುಡುಗ ಹುಡುಗಿಯರು ಎಂಸಿಎ, ಎಂ.ಎಸ್ಸಿ., ಎಂ.ಟೆಕ್. ಎಂದು ಕಂಪ್ಯೂಟರ್ ವಿಜ್ಞಾನದ ಉನ್ನತ ವ್ಯಾಸಂಗಕ್ಕೆ ಸೇರುತ್ತಾರೆ. ಆ ವ್ಯಾಸಂಗದ ತಿರುಳು ಗಣಿತ. ಆ ಗಣಿತದ ಒಂದು ದೊಡ್ಡ ಭಾಗ ತಮ್ಮೂರಿನ ಮಗ್ಗುಲಲ್ಲೇ ಅರವತ್ತು ವರ್ಷಗಳಿಂದ ದುಡಿಯುತ್ತಿದೆ ಎಂದು ಅವರಿಗೆ ಹೇಳುವವರು ಕಡಿಮೆ. ಪರೀಕ್ಷೆಗೆ ಬಾಯಿಪಾಠ ಮಾಡಿದ ಸೂತ್ರ ಪರೀಕ್ಷೆಯ ಮಾರನೆಯ ದಿನ ಮರೆತುಹೋಗುತ್ತದೆ. ಆ ಸೂತ್ರ ಏತಕ್ಕೆ ಹುಟ್ಟಿತು ಎಂದು ತಿಳಿದವನು ಅದನ್ನು ಸುಲಭವಾಗಿ ಮರೆಯುವುದಿಲ್ಲ. ಆದ್ದರಿಂದ ಮೊದಲು ಆ ಹುಟ್ಟಿನ ಕತೆ.

ಒಂದೇ ಪ್ರಶ್ನೆ, ಒಂದೇ ವರ್ಷ

1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಒಂದು ಒಪ್ಪಂದಕ್ಕೆ ಬಂದವು. ಗಾಳಿಯಲ್ಲಿ, ನೀರಿನಡಿ, ಬಾಹ್ಯಾಕಾಶದಲ್ಲಿ ಅಣುಸ್ಫೋಟ ಮಾಡಕೂಡದು. ನೆಲದೊಳಗಿನ ಸ್ಫೋಟ ಮಾತ್ರ ಒಪ್ಪಂದದಿಂದ ಹೊರಗೆ ಉಳಿಯಿತು. ಕಾರಣ ಸರಳ. ಕದ್ದು ಸಿಡಿಸಿದರೆ ಪತ್ತೆ ಮಾಡುವುದು ಹೇಗೆ? ಭೂಮಿ ದಿನವೂ ಎಲ್ಲಾದರೊಂದು ಕಡೆ ನಡುಗುತ್ತಲೇ ಇರುತ್ತದೆ. ಸಹಜವಾದ ನಡುಕ ಯಾವುದು, ಬಾಂಬಿನ ನಡುಕ ಯಾವುದು ಎಂದು ದೂರದಲ್ಲಿ ಕುಳಿತು ಹೇಳಲು ಬರಬೇಕು. ಅದಕ್ಕೆ ಸೂಕ್ಷ್ಮವಾದ ಮಾಪಕ ಬೇಕು, ಅದು ಬರೆದಿಟ್ಟ ಅಂಕುಡೊಂಕಿನ ಗೆರೆಯನ್ನು ಓದುವ ಲೆಕ್ಕವೂ ಬೇಕು.

ಮಾಪಕದ ಉತ್ತರ ಗೌರಿಬಿದನೂರಿನಂತಹ ಸಾಲುಗಳು. ಒಂದೇ ಮಾಪಕ ಇಟ್ಟರೆ ಲಾರಿ ಹೋದರೂ, ಗಾಳಿ ಬೀಸಿ ಮರ ಅಲುಗಿದರೂ ಗೆರೆ ನಡುಗುತ್ತದೆ. ಇಪ್ಪತ್ತು ಇಟ್ಟರೆ? ನಂದಿಯ ಶಿವರಾತ್ರಿ ಜಾತ್ರೆಯನ್ನು ನೆನಪಿಸಿಕೊಳ್ಳಿ. ಗದ್ದಲದ ನಡುವೆ ದೂರದಿಂದ ತಮಟೆಯ ಸದ್ದು ಬರುತ್ತಿದೆ. ಸಾಲಾಗಿ ನಿಂತ ಇಪ್ಪತ್ತು ಜನರಿಗೆ ಅದು ಒಬ್ಬರಾದ ಮೇಲೆ ಒಬ್ಬರಿಗೆ, ಚೂರುಚೂರು ತಡವಾಗಿ ಕೇಳಿಸುತ್ತದೆ. ಪ್ರತಿಯೊಬ್ಬರ ಪಕ್ಕದ ಗದ್ದಲ ಮಾತ್ರ ಬೇರೆ ಬೇರೆ. ಇಪ್ಪತ್ತೂ ಜನ ಕೇಳಿದ್ದನ್ನು, ಅವರವರ ತಡವನ್ನು ಕಳೆದು, ಒಂದರ ಮೇಲೊಂದು ಕೂಡಿಸಿದರೆ ತಮಟೆಯ ಸದ್ದು ಇಪ್ಪತ್ತು ಪಟ್ಟಾಗುತ್ತದೆ. ಗದ್ದಲಗಳು ಒಂದನ್ನೊಂದು ಅಷ್ಟಿಷ್ಟು ಹೊಡೆದುಹಾಕಿಕೊಂಡು ಇಪ್ಪತ್ತರ ವರ್ಗಮೂಲದಷ್ಟು, ಅಂದರೆ ಸುಮಾರು ನಾಲ್ಕೂವರೆ ಪಟ್ಟು ಮಾತ್ರ ಬೆಳೆಯುತ್ತವೆ. ಸದ್ದಿಗೂ ಗದ್ದಲಕ್ಕೂ ಇರುವ ಅಂತರ ನಾಲ್ಕೂವರೆ ಪಟ್ಟು ಹಿಗ್ಗಿದಂತಾಯಿತು. ಯಾವ ತಡವನ್ನು ಕಳೆದರೆ ಸದ್ದು ಅತ್ಯಂತ ಸ್ಪಷ್ಟವಾಯಿತೋ ಅದರಿಂದಲೇ ತಮಟೆ ಯಾವ ದಿಕ್ಕಿನದು ಎಂಬುದೂ ಸಿಕ್ಕಿತು. ‘ಎಲ್’ ಆಕಾರ ಇರುವುದು ಇದಕ್ಕೇ. ಒಂದು ಸಾಲು ಒಂದು ದಿಕ್ಕಿನ ತಡವನ್ನು ಅಳೆದರೆ ಇನ್ನೊಂದು ಅದಕ್ಕೆ ಅಡ್ಡದಿಕ್ಕಿನದನ್ನು ಅಳೆಯುತ್ತದೆ. ಸೆಕೆಂಡಿಗೆ 15 ಕಿಲೋಮೀಟರ್ ವೇಗದಲ್ಲಿ ಸಾಲಿನುದ್ದಕ್ಕೆ ಹಾಯುವ ಅಲೆ ಈ ತುದಿಯಿಂದ ಆ ತುದಿ ಮುಟ್ಟಲು ಒಂದೂವರೆ ಸೆಕೆಂಡೂ ಹಿಡಿಯದು. ಇಷ್ಟರಲ್ಲೇ ಎಲ್ಲ ಗುಟ್ಟೂ ಅಡಗಿದೆ.

ಇನ್ನು ಲೆಕ್ಕದ ಉತ್ತರ. ಅಂಕುಡೊಂಕಿನ ಗೆರೆಯಲ್ಲಿ ನಿಧಾನದ ತೊನೆತ ಎಷ್ಟು, ಚುರುಕಿನ ನಡುಕ ಎಷ್ಟು ಎಂದು ಬಿಡಿಸುವುದಕ್ಕೆ ಫ್ರೆಂಚ್ ಗಣಿತಜ್ಞ ಫೂರಿಯೆಯ ವಿಧಾನವಿದೆ. ಆದರೆ ಅದು ಬಹಳ ದುಬಾರಿ. 1,024 ಅಳತೆಗಳಿದ್ದರೆ ನೇರವಾಗಿ ಲೆಕ್ಕ ಹಾಕಲು 10,48,576 ಗುಣಾಕಾರ ಬೇಕು. ಅಂದಿನ ಕಂಪ್ಯೂಟರುಗಳಿಗೆ ಇದು ಮೈಮುರಿಯುವ ಕೆಲಸ. ಅಮೆರಿಕದ ಅಧ್ಯಕ್ಷರಿಗೆ ಸಲಹೆ ನೀಡುವ ವಿಜ್ಞಾನ ಸಮಿತಿಯ ಸಭೆಯೊಂದರಲ್ಲಿ ಸೋವಿಯತ್ ಸ್ಫೋಟಗಳ ಪತ್ತೆಯ ಚರ್ಚೆ ನಡೆದಿತ್ತು. ಪ್ರಿನ್ಸ್‌ಟನ್ನಿನ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ತಮ್ಮಷ್ಟಕ್ಕೆ ತಾವು ಕಾಗದದ ಮೇಲೆ ಸೂತ್ರ ಬರೆಯುತ್ತಿದ್ದುದನ್ನು ಪಕ್ಕದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಗಾರ್ವಿನ್ ಗಮನಿಸಿದರು. ಆ ಸೂತ್ರದ ಬೆಲೆ ಅವರಿಗೆ ತಕ್ಷಣ ಹೊಳೆಯಿತು. ಐಬಿಎಂನಲ್ಲಿದ್ದ ಜೇಮ್ಸ್ ಕೂಲಿ ಎಂಬ ತರುಣ ಗಣಿತಜ್ಞನಿಗೆ ಅದರ ಪ್ರೋಗ್ರಾಂ ಬರೆಯುವ ಕೆಲಸ ಬಂತು. ಬಾಂಬಿನ ಸಂಗತಿ ಅವರಿಗೆ ಹೇಳಲಿಲ್ಲ. ಹೀಲಿಯಂ ಹರಳಿನ ಯಾವುದೋ ಸಮಸ್ಯೆಗೆ ಬೇಕಾಗಿದೆ ಎಂದರು! ಕೂಲಿ–ಟ್ಯೂಕಿ ಜೋಡಿಯ ಪ್ರಬಂಧ ಅಚ್ಚಾದದ್ದು 1965ರ ಏಪ್ರಿಲ್‌ನಲ್ಲಿ. ಅದೇ ವರ್ಷ ಗೌರಿಬಿದನೂರಿನಲ್ಲಿ ಮಾಪಕಗಳು ನೆಲ ಹಿಡಿದವು.

ಇವರಿಬ್ಬರ ಉಪಾಯ ಹೇಳುವುದಕ್ಕೆ ಸುಲಭ. ದೊಡ್ಡ ಲೆಕ್ಕವನ್ನು ಸಮಸ್ಥಾನ, ಬೆಸಸ್ಥಾನ ಎಂದು ಎರಡು ಭಾಗ ಮಾಡಿ. ಪ್ರತಿ ಅರ್ಧವನ್ನು ಮತ್ತೆ ಎರಡಾಗಿ, ಅದನ್ನೂ ಎರಡಾಗಿ ಸೀಳುತ್ತ ಹೋಗಿ. ಅಣ್ಣ ತಮ್ಮಂದಿರು ಹೊಲ ಭಾಗ ಮಾಡಿಕೊಂಡಂತೆ, ಹತ್ತು ಸಲ ಸೀಳಿದರೆ 1,024 ಒಂದೊಂದಾಗಿ ಬಿಡಿಯಾಗುತ್ತದೆ. ಅಲ್ಲಿಂದ ಮೇಲಕ್ಕೆ ಕೂಡಿಸುತ್ತ ಬಂದರೆ ಹತ್ತೂವರೆ ಲಕ್ಷದ ಲೆಕ್ಕ ಹೆಚ್ಚೆಂದರೆ ಹತ್ತು ಸಾವಿರಕ್ಕೆ ಇಳಿಯುತ್ತದೆ. ನೂರರಲ್ಲಿ ಒಂದು ಪಾಲು! ಅಳತೆಗಳು ಹೆಚ್ಚಿದಷ್ಟೂ ಉಳಿತಾಯವೂ ಹೆಚ್ಚು. ಜರ್ಮನಿಯ ಗೌಸ್ 1805ರ ಹೊತ್ತಿಗೇ ಇದೇ ಉಪಾಯ ಹೂಡಿ, ಅಚ್ಚು ಮಾಡಿಸದೆ ಬಿಟ್ಟಿದ್ದ ಎಂಬುದು ಆಮೇಲೆ ಗೊತ್ತಾಯಿತು. ಇಂದು ನಿಮ್ಮ ಮೊಬೈಲಿನಲ್ಲಿ ಬರುವ ಫೋಟೊ, ಹಾಡು, ಮಾತು, ಆಸ್ಪತ್ರೆಯ ಎಂಆರ್‌ಐ – ಎಲ್ಲದರ ಹಿಂದೆಯೂ ಈ ‘ಎಫ್‌ಎಫ್‌ಟಿ’ ಅಥವಾ ಅದರ ನೆಂಟರು ಇದ್ದೇ ಇದ್ದಾರೆ. ಕಂಪ್ಯೂಟರ್ ವಿಜ್ಞಾನದ ಯಾವ ಉನ್ನತ ಪಠ್ಯಕ್ರಮ ತೆಗೆದರೂ ಅಲ್ಗಾರಿದಮ್ ಅಧ್ಯಾಯದಲ್ಲಿ ಒಡೆದು ಗೆಲ್ಲುವ ಈ ತಂತ್ರಕ್ಕೆ ಒಂದು ಜಾಗ ಇರುತ್ತದೆ.

ತಂತಿಗಳ ತೋಟ, ಕೆರೆಯ ಮೇಲೊಂದು ತೆಪ್ಪ

ಗೌರಿಬಿದನೂರಿನ ಭಾಗ್ಯ ಇಷ್ಟಕ್ಕೇ ಮುಗಿಯಲಿಲ್ಲ. 1976ರಿಂದ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಇಲ್ಲಿ ರೇಡಿಯೋ ದೂರದರ್ಶಕ ನಡೆಸಿದವು. ದೂರದರ್ಶಕವೆಂದರೆ ಗುಮ್ಮಟ, ಮಸೂರ ಎಂದು ಊಹಿಸಬೇಡಿ. ಇದು ಕಂಬ ನೆಟ್ಟು ತಂತಿ ಎಳೆದ ದ್ರಾಕ್ಷಿ ತೋಟದ ಹಾಗೆ ಕಾಣುತ್ತಿತ್ತು. ‘ಟಿ’ ಆಕಾರದಲ್ಲಿ ಒಂದು ಸಾವಿರ ದ್ವಿಧ್ರುವ ಆಂಟೆನಾಗಳು. ಪೂರ್ವ–ಪಶ್ಚಿಮ ತೋಳಿನಲ್ಲಿ 640, ದಕ್ಷಿಣದ ತೋಳಿನಲ್ಲಿ 360. ಉದ್ದದ ತೋಳು ಸುಮಾರು 1.4 ಕಿಲೋಮೀಟರ್. ಅದು ಹಿಡಿಯುತ್ತಿದ್ದುದು 34.5 ಮೆಗಾಹರ್ಟ್ಸ್‌ನ ಅಲೆಗಳನ್ನು. ಅಲೆಯ ಉದ್ದ ಒಂಬತ್ತು ಮೀಟರಿಗೆ ತುಸು ಕಡಿಮೆ. ಇಷ್ಟು ಉದ್ದದ ಅಲೆಯಲ್ಲಿ ಆಕಾಶದ ಚಿತ್ರ ತೆಗೆಯಲು ಒಂದೇ ತಟ್ಟೆಯಾಕಾರದ ಆಂಟೆನಾ ಸಾಲದು. ಅದು ಕಿಲೋಮೀಟರುಗಟ್ಟಲೆ ಅಗಲ ಇರಬೇಕಾಗುತ್ತದೆ. ಬದಲಿಗೆ ಚಿಕ್ಕ ಆಂಟೆನಾಗಳನ್ನು ಹರಡಿ, ಅವು ಜೋಡಿ ಜೋಡಿಯಾಗಿ ಹಿಡಿದದ್ದನ್ನು ಗುಣಿಸಿ, ಬಂದ ಅಂಕಿಗಳ ಮೇಲೆ ಫೂರಿಯೆಯ ಲೆಕ್ಕವನ್ನೇ ಹಿಮ್ಮುಖವಾಗಿ ನಡೆಸಿದರೆ ಚಿತ್ರ ಮೂಡುತ್ತದೆ. ಅಂದರೆ ಇಲ್ಲಿ ಮಸೂರದ ಕೆಲಸ ಮಾಡುವುದು ಗಾಜಲ್ಲ, ಗಣಿತ. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಗೌರಿಬಿದನೂರಿನಿಂದ ಮಾಡಿದ 34.5 ಮೆಗಾಹರ್ಟ್ಸ್ ಆಕಾಶ ಸಮೀಕ್ಷೆ 1990ರಲ್ಲಿ ಪ್ರಕಟವಾಯಿತು. ಅಷ್ಟು ಕಡಿಮೆ ಆವರ್ತಾಂಕದಲ್ಲಿ ಅಷ್ಟು ವಿಶಾಲವಾದ ಆಕಾಶದ ನಕ್ಷೆ ಇಂದಿಗೂ ಅಪರೂಪ. 1997ರಿಂದ ಖಭೌತ ಸಂಸ್ಥೆಯವರು ಸೂರ್ಯನನ್ನು ನೋಡುವ ಇನ್ನೊಂದು ಆಂಟೆನಾ ಸಾಲನ್ನು ಇಲ್ಲೇ ನಡೆಸುತ್ತಿದ್ದಾರೆ.

ತೀರ ಈಚಿನದು 2020ರ ಕತೆ. ಬ್ರಹ್ಮಾಂಡದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ರೇಡಿಯೋ ಗುರುತು ಸಿಕ್ಕಿದೆಯೆಂದು 2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಪ್ರಯೋಗ ನಡೆಸಿದ ಅಮೆರಿಕದ ‘ಎಡ್ಜಸ್’ ತಂಡ ಸಾರಿತ್ತು. ಜಗತ್ತೆಲ್ಲ ಬೆರಗಾಯಿತು. ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ‘ಸರಸ್–3’ ಎಂಬ ತಮ್ಮ ಆಂಟೆನಾವನ್ನು ತೆಪ್ಪದ ಮೇಲಿಟ್ಟು ನಮ್ಮ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲಿ, ಅನಂತರ ಶರಾವತಿಯ ಹಿನ್ನೀರಿನಲ್ಲಿ ತೇಲಿಬಿಟ್ಟರು. ನೀರೇ ಏಕೆ? ನೆಲದೊಳಗೆ ಎಲ್ಲಿ ಬಂಡೆ, ಎಲ್ಲಿ ತೇವ ಎಂದು ಹೇಳಲಾಗದು. ಅದು ಅಳತೆಯನ್ನು ಕೆಡಿಸುತ್ತದೆ. ನೀರು ಎಲ್ಲ ಕಡೆ ಒಂದೇ ಸಮ. ಹುಡುಕುತ್ತಿದ್ದ ಗುರುತು ಆಕಾಶದ ಇತರ ರೇಡಿಯೋ ಸದ್ದಿನ ಮುಂದೆ ಸಾವಿರಾರು ಪಾಲು ಕ್ಷೀಣ. ಅದನ್ನು ಸಂಖ್ಯಾಶಾಸ್ತ್ರದ ಜರಡಿಯಲ್ಲಿ ಹಿಡಿದು ನೋಡಿದಾಗ, ಎಡ್ಜಸ್ ತಂಡ ಹೇಳಿದ ಗುರುತು ಅಲ್ಲಿಲ್ಲ ಎಂದು 95.3 ಶೇಕಡ ವಿಶ್ವಾಸದಿಂದ ಹೇಳಬಹುದಾಯಿತು. 2022ರಲ್ಲಿ ‘ನೇಚರ್ ಅಸ್ಟ್ರಾನಮಿ’ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ದಂಡಿಗಾನಹಳ್ಳಿಯ ಕೆರೆ ವಿಶ್ವದ ಪತ್ರಿಕೆಗೆ ಏರಿದ ಸುದ್ದಿ ದಂಡಿಗಾನಹಳ್ಳಿಗೆ ಎಷ್ಟು ತಲುಪಿತೋ!

ಓದಲು ಎಲ್ಲಿಗೆ?

ಈ ಸೀಮೆಗೆ ವಿಜ್ಞಾನ ಹೊಸತಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬಸ್ ಚಾರ್ಜಿಗೆ ದುಡ್ಡಿಲ್ಲದೆ ಬೆಂಗಳೂರಿಗೆ ನಡೆದೇ ಹೋಗಿ ಓದಿದವರು; ಅಮೆರಿಕದ ಓಹಿಯೋದಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿದವರು; 1972ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ತಮ್ಮ ಹಿಂದುಳಿದ ಸೀಮೆಯನ್ನು ಮರೆಯದೆ ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ತಂದರು. ಆ ಕಾಲೇಜುಗಳ ಬೆಂಚಿನ ಮೇಲೆ ಕುಳಿತು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳ ನಡುವೆ ಈಜಿ ದಡ ಸೇರಿದವರು ಎಷ್ಟೋ ಜನ.

ಇಂದು ಆಯ್ಕೆಗಳು ಹೆಚ್ಚಿವೆ. ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ವಿದ್ಯಾಲಯ 1986ರಿಂದ ನಡೆಯುತ್ತಿದೆ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯಲ್ಲೇ ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ ತನ್ನ ಬೆಂಗಳೂರು ವಿಭಾಗದ ಸ್ನಾತಕೋತ್ತರ ಕೇಂದ್ರ ತೆರೆದಿದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಒಡೆದು ಹುಟ್ಟಿದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದ ಟಮಕದಲ್ಲಿದೆ. ಅದರ ಹೊಸ ಕ್ಯಾಂಪಸ್ಸಿಗೆ ಗೊತ್ತಾದ ಜಾಗ ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿ. ಇನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂತೂ ರೈಲು ಹತ್ತಿದರೆ ಸಿಗುವ ದೂರದಲ್ಲಿದೆ. ಅಲ್ಲಿನ ಗಣಕ ಮತ್ತು ದತ್ತಾಂಶ ವಿಜ್ಞಾನ ವಿಭಾಗದ ಎಂ.ಟೆಕ್. ಪೂರ್ತಿ ಗಣನ ಗಣಿತದ ಮೇಲೆಯೇ ನಿಂತಿದೆ. ಆ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಂಡ ‘ಪರಮ್ ಪ್ರವೇಗ’ ಎಂಬ ಸೂಪರ್ ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ.

ಈ ಕೋರ್ಸುಗಳಿಗೂ ಒಂದು ಚರಿತ್ರೆ ಇದೆ. ಐಐಟಿ ಕಾನ್ಪುರದಲ್ಲಿ 1965ರಲ್ಲಿ ಕಂಪ್ಯೂಟರ್ ವಿಜ್ಞಾನದ ಎಂ.ಟೆಕ್. ಶುರುವಾಗಲು ಕಾರಣರಾದ ಪ್ರೊ. ವಿ. ರಾಜಾರಾಮನ್ ಮುಂದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದರು. (ಮತ್ತೆ 1965! ಆ ವರ್ಷದಲ್ಲಿ ಏನೋ ಇತ್ತು ಎನ್ನಬೇಕು.) ಎಂಜಿನಿಯರಿಂಗ್ ಓದದ, ಆದರೆ ಗಣಿತ ಬಲ್ಲ ಪದವೀಧರರಿಗೂ ಈ ವಿದ್ಯೆ ಸಿಗಲಿ ಎಂದು ಅವರ ಅಧ್ಯಕ್ಷತೆಯ ಸಮಿತಿ ಮಾಡಿದ ಶಿಫಾರಸಿನಿಂದ 1980ರ ದಶಕದ ಆರಂಭದಲ್ಲಿ ಎಂಸಿಎ ಹುಟ್ಟಿತು. ಅದು ಮೂರು ವರ್ಷದ ಕೋರ್ಸು. ತಾಲ್ಲೂಕಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದವನಿಗೆ ಉಸಿರಾಡಲು ಒಂದು ವರ್ಷ ಹೆಚ್ಚಿಗೆ ಇರುತ್ತಿತ್ತು. 2020–21ರಿಂದ ಅದು ಎರಡೇ ವರ್ಷ. ಖರ್ಚು ಉಳಿಯಿತು, ನಿಜ. ಆದರೆ ಬುನಾದಿ ತೋಡುವ ಸಮಯವೂ ಹೋಯಿತು. ಮನೆ ಬೇಗ ಎದ್ದಿತೆಂದು ಸಂತೋಷಪಡುವ ಮುನ್ನ ಪಾಯ ಎಷ್ಟು ಅಡಿ ಎಂದು ಕೇಳುವುದು ಮೇಸ್ತ್ರಿಗಳ ವಾಡಿಕೆ.

ಎಂ.ಟೆಕ್.ನ ಸಂಕಟ ಇನ್ನೊಂದು ಬಗೆ. ಬಿ.ಇ. ಮುಗಿಸಿದ ಕೂಡಲೇ ಬೆಂಗಳೂರಿನಲ್ಲಿ ಕೆಲಸ ಸಿಕ್ಕುವಾಗ ಇನ್ನೆರಡು ವರ್ಷ ಏಕೆ ಓದಬೇಕು ಎಂದು ಮನೆಯವರು ಕೇಳುತ್ತಾರೆ. ರೇಷ್ಮೆ ಹುಳು ಮೇಯಿಸಿ, ಟೊಮೆಟೊ ಬೆಳೆದು ಫೀಸು ಕಟ್ಟಿದ ಮನೆಯವರು ಹೀಗೆ ಕೇಳಿದರೆ ತಪ್ಪಿಲ್ಲ. ಅದಕ್ಕೇ ಎಂ.ಟೆಕ್. ಸೀಟುಗಳು ಖಾಲಿ ಉಳಿಯುವುದು ರಾಜ್ಯದ ಕಾಲೇಜುಗಳಲ್ಲಿ ಮಾಮೂಲಾಗಿದೆ. ಸೇರಿದವರಲ್ಲೂ ಕೆಲವರಿಗೆ ಅದು ಬಿ.ಇ.ಯ ಎರಡನೆಯ ಆವೃತ್ತಿ: ಅದೇ ವಿಷಯ, ಅದೇ ಪ್ರಾಜೆಕ್ಟು, ಮುಖಪುಟ ಮಾತ್ರ ಬೇರೆ. ಪ್ರಾಜೆಕ್ಟಿನ ವರದಿ ಬೈಂಡ್ ಮಾಡಿಸುವ ಅಂಗಡಿಯಲ್ಲಿ ಕಳೆದ ವರ್ಷದ ವರದಿಯೂ ಸಿಗುತ್ತದೆ ಎಂಬುದು ವಿದ್ಯಾರ್ಥಿಗಳ ನಡುವಿನ ಹಳೆಯ ತಮಾಷೆ. ಪೂರ್ತಿ ತಮಾಷೆಯೂ ಅಲ್ಲ.

ಉನ್ನತ ವ್ಯಾಸಂಗ ಎಂದರೆ ಇನ್ನೂ ಒಂದು ಪ್ರೋಗ್ರಾಮಿಂಗ್ ಭಾಷೆ ಕಲಿಯುವುದಲ್ಲ. ಭಾಷೆಗಳು ಬರುತ್ತವೆ, ಹೋಗುತ್ತವೆ. ಕೋಬಾಲ್, ಪ್ಯಾಸ್ಕಲ್ ಎಂದು ತರಬೇತಿ ಕೇಂದ್ರಗಳ ಬೋರ್ಡಿನ ಮೇಲೆ ಮಿಂಚುತ್ತಿದ್ದ ಹೆಸರುಗಳು ಈಗೆಲ್ಲಿ? ಕೋಡ್ ಬರೆಯುವ ಎಷ್ಟೋ ಕೆಲಸವನ್ನು ಈಗ ಕೃತಕ ಬುದ್ಧಿಮತ್ತೆಯೇ ಮಾಡಿಕೊಡುತ್ತಿದೆ. ಹಳತಾಗದೆ ಉಳಿಯುವುದು ರೇಖೀಯ ಬೀಜಗಣಿತ, ಸಂಭಾವ್ಯತೆ, ಕಲನ, ಅಲ್ಗಾರಿದಮ್ಮಿನ ವಿಶ್ಲೇಷಣೆ. ಸಮಸ್ಯೆ ಬಂದಾಗ ‘ಇದು ಯಾವ ಜಾತಿಯ ಲೆಕ್ಕ?’ ಎಂದು ಗುರುತಿಸುವ ಕಣ್ಣು ಇವುಗಳಿಂದಲೇ ಬರಬೇಕು.

ಕೊಳವೆ ಬಾವಿ ಕೇಳುವ ಲೆಕ್ಕ

ಹಾಗೆ ಗುರುತಿಸಬೇಕಾದ ಸಮಸ್ಯೆಗಳಿಗೆ ಈ ತಾಲ್ಲೂಕುಗಳಲ್ಲಿ ಬರವಿಲ್ಲ. ಬರ ಇರುವುದು ನೀರಿಗೆ. ವರ್ಷವಿಡೀ ಹರಿಯುವ ನದಿ ಇಲ್ಲ. ಉತ್ತರ ಪಿನಾಕಿನಿ ಎಂಬುದು ಹೆಚ್ಚಿನ ತಿಂಗಳು ಮರಳಿನ ಹಾದಿ. ಸಾವಿರ ಅಡಿ ದಾಟಿ ಕೊರೆಸಿದರೂ ಪುಡಿ ಹಾರಿದ್ದೇ ಹಾರಿದ್ದು ಎಂಬ ರೈತರ ಗೋಳು ಹೊಸದಲ್ಲ. ಬೆಂಗಳೂರಿನ ಒಳಚರಂಡಿ ನೀರನ್ನು ಶುದ್ಧೀಕರಿಸಿ ಜಿಲ್ಲೆಯ ಕೆರೆಗಳಿಗೆ ಹರಿಸುವ ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಬಂದಿದೆ. ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೆಯ ಹಂತ ಬೇಡವೇ ಎಂಬ ವಾದ ಇನ್ನೂ ನಡೆದಿದೆ. ಕೆರೆಗೆ ಬಿಟ್ಟ ನೀರು ಸುತ್ತಲಿನ ಎಷ್ಟು ದೂರದ ಬಾವಿಗೆ, ಎಷ್ಟು ವರ್ಷಕ್ಕೆ ಮುಟ್ಟುತ್ತದೆ? ಅದರೊಡನೆ ಕೊಳೆ ಎಷ್ಟು ಹೋಗುತ್ತದೆ? ಈ ಪ್ರಶ್ನೆಗೆ ಭಾಷಣದಲ್ಲಿ ಉತ್ತರ ಸಿಗದು. ಇದು ಲೆಕ್ಕದ ಪ್ರಶ್ನೆ.

ನೀರು ನೆಲದೊಳಗೆ ಹೇಗೆ ಜಿನುಗುತ್ತದೆಂಬ ನಿಯಮವನ್ನು ಫ್ರಾನ್ಸಿನ ಎಂಜಿನಿಯರ್ ಡಾರ್ಸಿ 1856ರಲ್ಲೇ ಹೇಳಿದ. ಅದನ್ನು ಕಂಪ್ಯೂಟರಿಗೆ ಒಪ್ಪಿಸಲು ತಾಲ್ಲೂಕಿನ ನಕ್ಷೆಯ ಮೇಲೆ ಚೌಕಳಿ ಹಾಕಬೇಕು. ಉದ್ದಕ್ಕೆ ನೂರು, ಅಡ್ಡಕ್ಕೆ ನೂರು ಮನೆ ಎಂದರೆ ಹತ್ತು ಸಾವಿರ ಚೌಕ. ಪ್ರತಿ ಚೌಕದ ನೀರಿನ ಮಟ್ಟ ಒಂದು ಅವ್ಯಕ್ತ ಸಂಖ್ಯೆ. ಅದಕ್ಕೂ ನಾಲ್ಕು ಮಗ್ಗುಲಿನ ಚೌಕಗಳಿಗೂ ಸಂಬಂಧ ಹೇಳುವ ಒಂದು ಸಮೀಕರಣ. ಹತ್ತು ಸಾವಿರ ಅವ್ಯಕ್ತಗಳು, ಹತ್ತು ಸಾವಿರ ಸಮೀಕರಣಗಳು! ಹೈಸ್ಕೂಲಿನಲ್ಲಿ ಎರಡು ಸಮೀಕರಣ ಬಿಡಿಸುವಂತೆ ಒಂದೊಂದಾಗಿ ಅವ್ಯಕ್ತಗಳನ್ನು ತೊಡೆಯುತ್ತ ಹೋದರೆ ಸುಮಾರು 33,333 ಕೋಟಿ ಹೆಜ್ಜೆ. ಮಳೆಗಾಲ, ಬೇಸಿಗೆ ಎಂದು ದಿನ ದಿನಕ್ಕೂ ಲೆಕ್ಕ ಬೇಕಾದರೆ ಇದನ್ನೇ ಸಾವಿರಾರು ಸಲ ಮಾಡಬೇಕು. ಇಲ್ಲಿ ಗಣಿತದ ಕಣ್ಣು ಉಪಯೋಗಕ್ಕೆ ಬರುತ್ತದೆ. ಒಂದು ಸಮೀಕರಣದಲ್ಲಿ ಹತ್ತು ಸಾವಿರ ಅವ್ಯಕ್ತಗಳ ಪೈಕಿ ನಿಜಕ್ಕೂ ಇರುವುದು ಐದು ಮಾತ್ರ, ಉಳಿದವೆಲ್ಲ ಸೊನ್ನೆ. ಸೊನ್ನೆಗಳನ್ನು ಏಕೆ ಹೊರಬೇಕು? ಒಂದು ಊಹೆಯಿಂದ ಶುರುಮಾಡಿ, ನೆರೆಹೊರೆಯ ಚೌಕಗಳನ್ನು ನೋಡಿ ಪ್ರತಿ ಮಟ್ಟವನ್ನೂ ತಿದ್ದುತ್ತ, ತಿದ್ದುತ್ತ ಉತ್ತರದ ಹತ್ತಿರ ಸಾಗಿದರಾಯಿತು. ಹೆಸ್ಟೆನ್ಸ್ ಮತ್ತು ಸ್ಟೀಫೆಲ್ 1952ರಲ್ಲಿ ಕೊಟ್ಟ ವಿಧಾನ ಇಂತಹ ತಿದ್ದುಪಡಿಯನ್ನು ಅತಿ ಚುರುಕಾಗಿ ಮಾಡುತ್ತದೆ. ದೊಡ್ಡ ಯಂತ್ರ ಬೇಡ. ಕಾಲೇಜಿನ ಲ್ಯಾಬಿನಲ್ಲಿರುವ ಸಾಮಾನ್ಯ ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟರ ಕೆಲಸ.

ಒಂದು ಎಚ್ಚರಿಕೆ ಹೇಳಲೇಬೇಕು. ಡಾರ್ಸಿಯ ನಿಯಮ ಮರಳಿನ ಪದರಕ್ಕೆ ಚೆನ್ನಾಗಿ ಒಗ್ಗುತ್ತದೆ. ನಮ್ಮದು ಬಿರುಕು ಬಿಟ್ಟ ಕಲ್ಲುನೆಲ. ಪಕ್ಕಪಕ್ಕದ ಎರಡು ಹೊಲಗಳಲ್ಲಿ ಒಂದು ಬಾವಿಗೆ ನೀರು, ಇನ್ನೊಂದಕ್ಕೆ ಬರೀ ಪುಡಿ. ಬಾವಿಗಳ ನೀರಿನ ಮಟ್ಟವನ್ನು ತಿಂಗಳು ತಿಂಗಳೂ ಅಳೆದು ಬರೆದಿಡದಿದ್ದರೆ ಕಂಪ್ಯೂಟರಿನ ಚಿತ್ರ ಎಷ್ಟು ಬಣ್ಣದ್ದಾದರೂ ಕಟ್ಟುಕತೆಯೇ. ಆ ಅಳತೆ ತೆಗೆಯುವ ಕೆಲಸ ಊರಿನ ವಿದ್ಯಾರ್ಥಿಯ ಹೊರತು ಬೇರೆಯವರಿಗೆ ಸುಲಭವಲ್ಲ. ಬೆಂಗಳೂರಿನ ಸಂಶೋಧಕ ಕಾರಿನಲ್ಲಿ ಬಂದು ನಾಲ್ಕು ಬಾವಿ ನೋಡಿ ಹೋಗಬಹುದು. ನಲವತ್ತು ಬಾವಿಗಳ ಯಜಮಾನರನ್ನು ‘ಮಾವ’, ‘ದೊಡ್ಡಪ್ಪ’ ಎಂದು ಮಾತಾಡಿಸಿ ತಿಂಗಳಿಗೊಮ್ಮೆ ಹಗ್ಗ ಇಳಿಬಿಡುವುದು ಅವನಿಂದಾಗದು.

ರೇಷ್ಮೆಯ ಮಾತೂ ಹೀಗೆಯೇ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಕೂಗಿ ಹರಾಜು ಹಾಕುತ್ತಿದ್ದ ಜಾಗಕ್ಕೆ ಇ–ಹರಾಜು ಬಂದಿದೆ. ಹರಾಜಿನ ನಿಯಮ ಹೇಗಿದ್ದರೆ ಬೆಳೆಗಾರನಿಗೂ ರೀಲರಿಗೂ ನ್ಯಾಯ ಸಿಗುತ್ತದೆಂಬುದು ಇವತ್ತು ಕಂಪ್ಯೂಟರ್ ವಿಜ್ಞಾನದ ಒಂದು ಗಂಭೀರ ಶಾಖೆ. ಕೆನಡಾ ಮೂಲದ ಅರ್ಥಶಾಸ್ತ್ರಜ್ಞ ವಿಕ್ರೆ 1961ರಲ್ಲಿ ಅದಕ್ಕೆ ಅಡಿಪಾಯ ಹಾಕಿದ. ಚಿಂತಾಮಣಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕಾಲೇಜಿದೆ. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವ ಗಂಟುರೋಗವನ್ನು ತಡೆಯಲು ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ರೋಗಾಣುಗಳನ್ನು ಹುಡುಕುತ್ತಾರೆ. ಪಾಶ್ಚರ್ 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಕಲಿಸಿಕೊಟ್ಟ ಪದ್ಧತಿ ಇದು. ಕಣ್ಣು ನೋಯುವವರೆಗೆ ನೋಡಿ ಹುಡುಕುವ ಈ ಕೆಲಸವನ್ನು ಚಿತ್ರ ಗುರುತಿಸುವ ಪ್ರೋಗ್ರಾಮಿಗೆ ಕಲಿಸಬಹುದು. ಕಂಪ್ಯೂಟರಿನ ವಿದ್ಯಾರ್ಥಿಗೆ ಚಿತ್ರಗಳು ಬೇಕು, ರೇಷ್ಮೆ ಕಾಲೇಜಿನವರಿಗೆ ಪ್ರೋಗ್ರಾಂ ಬೇಕು. ಮುದ್ದೇನಹಳ್ಳಿಗೂ ಚಿಂತಾಮಣಿಗೂ ನಡುವೆ ಇರುವುದು ಒಂದು ಬಸ್ಸಿನ ದೂರ ಅಷ್ಟೇ.

ಹೀಗೆಂದರೆ ಕೆಲವು ಅಧ್ಯಾಪಕರು ‘ಸಿಲಬಸ್ಸಿನಲ್ಲಿ ಇಲ್ಲ’ ಎನ್ನುತ್ತಾರೆ. ಸಿಲಬಸ್ಸಿನಲ್ಲಿ ಪ್ರಾಜೆಕ್ಟ್ ಎಂಬ ಪದವಂತೂ ಇದೆ. ಯಾವ ಊರಿನ ಯಾವ ಸಮಸ್ಯೆ ಎಂದು ಅದರಲ್ಲಿ ಬರೆದಿರುವುದಿಲ್ಲ. ಬರೆಯಬೇಕಾದವರು ಯಾರು?

ಗಣಿತದ ಹೆದರಿಕೆ

ಇಷ್ಟಾದರೂ ಎಲ್ಲರ ಕಾಲು ಹಿಡಿಯುವ ಹಳ್ಳ ಒಂದಿದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿಗೆ ‘ಶ್ರೇಢಿ’ ಗೊತ್ತು, ‘ಅವಕಲನ’ ಗೊತ್ತಾಗಬಲ್ಲದು. ಮುಂದೆ ಅದೇ ವಿಷಯ ಇಂಗ್ಲಿಷಿನ ಹೆಸರಿನಲ್ಲಿ ಬಂದಾಗ ಬೇರೆ ಯಾವುದೋ ಎಂದು ಬೆದರುತ್ತಾಳೆ. ಗಣಿತ ಬಾರದೆಂದು ತೀರ್ಮಾನಿಸಿ, ಅದು ಕಡಿಮೆ ಇರುವ ಕೋರ್ಸು ಹುಡುಕುತ್ತಾಳೆ. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿತು. ರಾಜ್ಯದಲ್ಲಿ ಕನ್ನಡದ ತರಗತಿ ಆರಿಸಿಕೊಂಡವರು ಬೆರಳೆಣಿಕೆಯಷ್ಟು. ಕೆಲಸ ಸಿಗುತ್ತದೆಯೋ ಇಲ್ಲವೋ ಎಂಬ ಅಳುಕು ಅವರ ದೋಷವಲ್ಲ. ನನ್ನ ಮಟ್ಟಿಗೆ, ಇಡೀ ಕೋರ್ಸನ್ನು ಕನ್ನಡಕ್ಕೆ ತಿರುಗಿಸುವುದಕ್ಕಿಂತ ಮೊದಲ ಆರು ತಿಂಗಳು ಗಣಿತವನ್ನು ಎರಡೂ ಭಾಷೆಯಲ್ಲಿ ಬಿಡಿಸಿ ಹೇಳುವುದು ಹೆಚ್ಚು ಉಪಯೋಗದ್ದು. ‘ಐಗನ್ ವ್ಯಾಲ್ಯೂ’ ಎಂಬ ಪದ ಹಾಗೇ ಇರಲಿ. ಅದು ಏನು ಮಾಡುತ್ತದೆಂದು ಕನ್ನಡದಲ್ಲಿ, ಬೇಕಾದರೆ ತೆಲುಗಿನಲ್ಲಿ ಹೇಳಲಿ.

ತಯಾರಿ ಮಾಡಿಕೊಳ್ಳುವವರಿಗೆ ಕೆಲವು ಮಾತು. ಎಂ.ಟೆಕ್.ಗೆ ಇರುವ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆಯ ಕಂಪ್ಯೂಟರ್ ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ನೂರಕ್ಕೆ 13 ಅಂಕ ಎಂಜಿನಿಯರಿಂಗ್ ಗಣಿತಕ್ಕೆ, 15 ಸಾಮಾನ್ಯ ಸಾಮರ್ಥ್ಯಕ್ಕೆ. ಎರಡೂ ಸೇರಿ ಕಾಲು ಭಾಗಕ್ಕಿಂತ ಹೆಚ್ಚು. ಕೋಚಿಂಗ್ ಇಲ್ಲದೆ ಗಳಿಸಬಹುದಾದ ಅಂಕಗಳು ಇವೇ. 2024ರಿಂದ ದತ್ತಾಂಶ ವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆಗೆ ಬೇರೆ ಪ್ರಶ್ನೆಪತ್ರಿಕೆ ಬಂದಿದೆ. ಅದರಲ್ಲಿ ಸಂಭಾವ್ಯತೆ ಮತ್ತು ರೇಖೀಯ ಬೀಜಗಣಿತದ ತೂಕ ಇನ್ನೂ ಜಾಸ್ತಿ. ಗೇಟ್ ಅಂಕದ ಮೇಲೆ ಎಂ.ಟೆಕ್. ಸೇರಿದವರಿಗೆ ಎಐಸಿಟಿಇಯ ಮಾಸಿಕ ಶಿಷ್ಯವೇತನ ಉಂಟು. ಮನೆಯವರ ಪ್ರಶ್ನೆಗೆ ಅದೂ ಒಂದು ಉತ್ತರ. ಎಂ.ಎಸ್ಸಿ.ಗೆ ಐಐಟಿಗಳು ನಡೆಸುವ ‘ಜಾಮ್’ ಪರೀಕ್ಷೆಯಿದೆ. ರಾಜ್ಯದ ಕಾಲೇಜುಗಳ ಎಂಸಿಎ, ಎಂ.ಟೆಕ್. ಸೀಟುಗಳಿಗೆ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ. ಎಂಸಿಎ ಸೇರುವವರು ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿದ್ದರೆ ದಾರಿ ಸಲೀಸು. ಪಿಯುಸಿ ಮುಗಿಸಿ ಬಿಸಿಎಗೆ ಹೋಗುವವರು ಈ ಮಾತನ್ನು ಮೊದಲೇ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಐಐಟಿ ಮತ್ತು ವಿಜ್ಞಾನ ಸಂಸ್ಥೆಯ ಅಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್ ಮೂಲಕ ಮನೆಯಲ್ಲೇ ಉಚಿತವಾಗಿ ಸಿಗುತ್ತವೆ. ಕೆಲವಕ್ಕೆ ಕನ್ನಡದ ಅನುವಾದವೂ ಇದೆ. ಪಾಠ ಕೇಳುವುದಕ್ಕೆ ದುಡ್ಡಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಮೊದಲು ರೇಖೀಯ ಬೀಜಗಣಿತ, ಆಮೇಲೆ ಸಂಭಾವ್ಯತೆ, ಆಮೇಲೆ ಸಂಖ್ಯಾತ್ಮಕ ವಿಧಾನಗಳು ಎಂಬ ಸರದಿಯಲ್ಲಿ ಕೇಳಿದರೆ ಒಂದು ವರ್ಷ ಸಾಕು. ಜತೆಗೆ ಪೆನ್ಸಿಲು, ಕಾಗದ ಇರಲಿ. ಎಂಟು ಅಳತೆಗಳ ಎಫ್‌ಎಫ್‌ಟಿಯನ್ನು ಒಂದು ಸಲ ಕೈಯಾರೆ ಮಾಡಿ ನೋಡಿ. ಮೂರು ಸಲ ಸೀಳಬೇಕು, ಮೂರು ಹಂತದಲ್ಲಿ ಕೂಡಿಸಬೇಕು. ಎಲ್ಲಾ ಸೇರಿ ಅರ್ಧ ಗಂಟೆಯ ಕೆಲಸ.